ಆಟದ ಊರುಗಳಲ್ಲಿ ಒಂದು ರವಿವಾರ

ಪ್ರವಾಸ ಲೇಖನವೆಂದೊಡನೆ ವಾಚಕರು ಬದರೀ-ಕೇದಾರವನ್ನೋ, ಕಾಶ್ಮೀರದ ಸರೋವರಗಳನ್ನೋ, ಕೊನೆಗೆ ನಮ್ಮ ಜೋಗದ ಗುಂಡಿಯನ್ನಾದರೂ ನಿರೀಕ್ಷಿಸುವುದು ಸಹಜ. ಡೊಂಬಿವಲಿಯಿಂದ ಕಲ್ಯಾಣಕ್ಕೆ, ಕಲ್ಯಾಣದಿಂದ ಠಾಣೆಗೆ, ಠಾಣೆಯಿಂದ ವಾಶಿಗೆ ಹೋಗಿಬಂದೆನೆಂದು ನಾನು ಬರೆಯಹೊರಟರೆ, “ಇದನ್ನು ನಾವು ದಿನಾಲು ಮಾಡುತ್ತೇವಲ್ಲ! ಇದಕ್ಕೆ ಲೇಖನವೇಕೆ, ತಿಂಗಳ ಪಾಸು ಸಾಕು” ಎಂದು ನೀವು ನಕ್ಕುಬಿಡಬಹುದು. ನಗಬೇಕಾದದ್ದೇ. ಹನ್ನೆರಡು ವರುಷ ಇದೇ ಹಳಿಗಳ ಮೇಲೆ ಕಚೇರಿಗೆ ಹೋಗಿಬಂದ ನಾನು ಕಿಟಕಿಯಿಂದ ಹೊರಗೆ ನೋಡಿದ್ದೇ ಕಡಿಮೆ. ನೋಡಬೇಕೆಂದರೂ ಮುಂದಿದ್ದವನ ಬೆನ್ನು ಬಿಟ್ಟು ಬೇರೇನೂ ಕಾಣುವಂತಿರಲಿಲ್ಲ ಎನ್ನುವುದು ಬೇರೆ ಮಾತು. ಆದರೆ ಕಳೆದ ಡಿಸೆಂಬರದ ಒಂದು ರವಿವಾರ ನನ್ನ ತಾಯಿಯನ್ನೂ ಮಗಳನ್ನೂ ಕರೆದುಕೊಂಡು ಹೊರಟೆನಲ್ಲ, ಆ ದಿನ ಈ ಊರುಗಳು ನನಗೆ ಹೊಸದಾಗಿ ಕಂಡವು. ಅದಕ್ಕೆ ಕಾರಣವಾದದ್ದು ಒಂದು ಆಟ.

ನಮ್ಮ ಅವ್ವ ಊರಿನಿಂದ ಬಂದು ಆಗ ನಾಲ್ಕು ತಿಂಗಳಾಗಿತ್ತು. ನಮ್ಮದು ಡೊಂಬಿವಲಿಯ ಪೂರ್ವಭಾಗದಲ್ಲಿ ಮೂರನೆಯ ಮಜಲೆ. ಒಂದು ಕೋಣೆ, ಒಂದು ಅಡಿಗೆಮನೆ. ಲಿಫ್ಟು ಇಲ್ಲ. ಅವ್ವನ ಮೊಣಕಾಲು ಹಿಡಿದುಕೊಂಡಿರುವುದರಿಂದ ಒಮ್ಮೆ ಮೇಲೆ ಬಂದರೆ ಇಳಿಯುವುದು ಹಬ್ಬಕ್ಕೊಮ್ಮೆ. ನೆರೆಯವರ ಮರಾಠಿ ಅವಳಿಗೆ ತಿಳಿಯದು, ಅವಳ ಬಾಗಲಕೋಟೆಯ ಮಾತು ಅವರಿಗೆ ತಿಳಿಯದು. ನನ್ನ ಮಗಳು ಅವಳನ್ನು ನಮ್ಮ ಕಡೆಯ ರೂಢಿಯಂತೆ ‘ಆಯೀ’ ಎಂದು ಕೂಗಿದರೆ, ಮರಾಠಿಯಲ್ಲಿ ಆಯಿ ಎಂದರೆ ತಾಯಿಯಾದ್ದರಿಂದ, ಎದುರು ಮನೆಯವರು ಮೊದಮೊದಲು ಗಾಬರಿಯಾಗಿ ನಮ್ಮ ಮನೆಯ ಸಂಬಂಧಗಳನ್ನು ಎಣಿಸತೊಡಗಿದ್ದರು. ಅವ್ವ ದಿನವಿಡೀ ಗ್ಯಾಲರಿಯ ಸರಳು ಹಿಡಿದು ಕುಳಿತಿರುವಳು. “ದೀವಳಿಗಿ ಆತು, ಇನ್ನ ನನ್ನ ಊರಿಗೆ ಕಳಿಸಿಬಿಡ ತಮ್ಮಾ” ಎನ್ನುವುದು ಆರಂಭವಾಗಿತ್ತು.

ಮಗಳು ಪುಟ್ಟಿಗೆ ಹತ್ತು ವರುಷ. ಶಾಲೆಯಿಂದ ಬಂದವಳೇ ಫೋನು ಹಿಡಿಯುವಳು. ನಾನು ಕಚೇರಿಯಿಂದ ಬಂದವನೇ ಫೋನು ಕಸಿಯುವೆನು. ನಮ್ಮ ಮನೆಯ ಸಾಯಂಪ್ರಾರ್ಥನೆ ಇದೇ. “ಕನ್ನಡ ಮಾತಾಡು, ಫೋನಿನಲ್ಲಿ ಏನಿದೆ?” ಎಂದು ನಾನು ಗದರಿಸಿದರೆ ಅವಳು ಮರಾಠಿಯಲ್ಲಿ ಉತ್ತರ ಕೊಡುವಳು. ಹೀಗಿರುವಾಗ ಒಂದು ಸಂಜೆ ಅವಳು ಅಜ್ಜಿಗೆ ಫೋನಿನಲ್ಲಿ ಲೂಡೋ ಆಟ ತೋರಿಸಿದಳು. ಅವ್ವ ಕನ್ನಡಕ ಏರಿಸಿ ನೋಡಿ ನೋಡಿ ಕೇಳಿದಳು:

“ಇದು ನಮ್ಮ ಪಗಡಿನ ಅಲ್ಲೇನ? ಕವಡಿ ಎಲ್ಲಿ ಅದಾವ?”

“ಕವಡಿ ಬ್ಯಾಡ ಆಯೀ, ಒತ್ತಿದರ ದಾಳ ತಾನ ಬೀಳ್ತೈತಿ.”

“ತಾನ ಬೀಳೂದಾದರ ನಾ ಯಾಕ ಬೇಕ?”

ಈ ಪ್ರಶ್ನೆಗೆ ಪುಟ್ಟಿಯಲ್ಲಿ ಉತ್ತರವಿರಲಿಲ್ಲ. ನಾನು ನನ್ನ ಪಾಂಡಿತ್ಯವನ್ನು ತೋರಿಸುವ ಹಟದಿಂದ, “ಅವ್ವಾ, ಇಡೀ ದೇಶ ಆಡುವ ಈ ‘ಲೂಡೋ ಕಿಂಗ್’ ಹುಟ್ಟಿದ್ದು ಇಲ್ಲೇ ನವಿ ಮುಂಬಯಿಯಲ್ಲಿ” ಎಂದೆ. ಅವ್ವ ನಂಬಲಿಲ್ಲ. “ಹಂಗಾದರ ತೋರಸ, ಅದನ್ನ ಮಾಡೋ ಅಂಗಡಿ ಎಲ್ಲೈತಿ ನೋಡೂಣ” ಎಂದಳು. ನಾಲ್ಕು ತಿಂಗಳಲ್ಲಿ ಅವಳು ಮೊದಲ ಬಾರಿಗೆ ಹೊರಗೆ ಹೋಗೋಣ ಎಂದದ್ದು ಅದು. ಹೊರಡದೆ ಇರುವುದು ಹೇಗೆ?

ಮೂರು ಮಜಲೆ ಇಳಿಯಲು ಕಾಲು ಗಂಟೆ ಹಿಡಿಯಿತು. ಡೊಂಬಿವಲಿಯ ನಿಲ್ದಾಣದ ಹತ್ತಿರ ಮೆಟ್ಟಿಲುಗಳ ಮೇಲೆ ನಾಲ್ಕು ಹುಡುಗರು ತಲೆಗೆ ತಲೆ ತಾಗಿಸಿ, ನಾಲ್ಕು ಫೋನು ಹಿಡಿದು ಕುಳಿತಿದ್ದರು. “ಪೀಛೇ ಹೈ, ಪೀಛೇ ಹೈ!” ಎಂದು ಒಬ್ಬ ಕೂಗಿದ. ಅವ್ವ ಬೆಚ್ಚಿ ಹಿಂದೆ ತಿರುಗಿ ನೋಡಿದಳು. ಹಿಂದೆ ಯಾರೂ ಇರಲಿಲ್ಲ. ಅದು ಗುಂಡು ಹಾರಿಸುವ ಆಟ. ೨೦೨೦ರ ಸೆಪ್ಟೆಂಬರದಲ್ಲಿ ಸರಕಾರ ೧೧೮ ಆ್ಯಪುಗಳೊಡನೆ ‘ಪಬ್‌ಜಿ’ಯನ್ನು ನಿಷೇಧಿಸಿದಾಗ ಪಾಲಕರೆಲ್ಲ ನಿಟ್ಟುಸಿರು ಬಿಟ್ಟಿದ್ದೆವು. ಮರುವರುಷವೇ ಅದು ‘ಭಾರತ’ದ ಹೆಸರು ಹೊತ್ತು ಬೇರೆ ಅವತಾರದಲ್ಲಿ ಬಂದಿತು. ೨೦೨೨ರಲ್ಲಿ ಮತ್ತೆ ತಡೆ, ೨೦೨೩ರಲ್ಲಿ ಮತ್ತೆ ಅಪ್ಪಣೆ. ಸರಕಾರದ ಆಜ್ಞೆಗಳ ಹಾದಿಯಲ್ಲಿ ಹಾವು-ಏಣಿಗಳೆರಡೂ ಇರುತ್ತವೆಂಬುದನ್ನು ಸರಕಾರಿ ಕಚೇರಿಯಲ್ಲಿ ಕುಳಿತು ಕಡತ ತಿರುವುವ ನನಗೆ ಯಾರೂ ಹೇಳಬೇಕಾಗಿಲ್ಲ. ಹುಡುಗರ ಆಟವನ್ನು ಬರೇ ಪೋಲಿತನವೆಂದು ತೆಗೆದುಹಾಕುವಂತೆಯೂ ಇಲ್ಲ. ೨೦೨೩ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಶಿಯನ್ ಕ್ರೀಡಾಕೂಟದಲ್ಲಿ ಇಂಥ ಗಣಕಯಂತ್ರದ ಆಟಗಳಿಗೂ ಪದಕವಿತ್ತು.

ಗಾಡಿಯಲ್ಲಿ ಕೂಡಲು ಸ್ಥಳ ಸಿಗಲೆಂದು ನಾವು ಮೊದಲು ಹಿಮ್ಮುಖವಾಗಿ ಕಲ್ಯಾಣಕ್ಕೆ ಹೋದೆವು. ಮುಂದೆ ಹೋಗಲು ಹಿಂದೆ ಹೋಗುವ ಈ ಉಪಾಯ ಡೊಂಬಿವಲಿಯವರಿಗೆಲ್ಲ ಗೊತ್ತಿದ್ದದ್ದೇ. ಚೌಕಾಬಾರದಲ್ಲಿ ಹೊಡೆಸಿಕೊಂಡ ಕಾಯಿ ಮನೆಗೆ ಮರಳಿ ಹೊಸದಾಗಿ ಹೊರಡುವಂತೆ! ಕಲ್ಯಾಣವೆಂಬ ಹೆಸರು ಕೇಳಿದೊಡನೆ ಅವ್ವ ಕೈಜೋಡಿಸಿದಳು. ಅವಳ ಮನಸ್ಸಿನಲ್ಲಿದ್ದದ್ದು ಬಸವಣ್ಣನವರ ಕಲ್ಯಾಣ. “ಅದು ಬೀದರ ಕಡೆ ಅವ್ವಾ, ಇದು ಬೇರೆ” ಎಂದು ಹೇಳಬೇಕೆಂದುಕೊಂಡವನು ಸುಮ್ಮನಾದೆ. ಇದೂ ಹಳೆಯ ಊರೇ. ಉಲ್ಹಾಸ ನದಿಯ ಖಾಡಿಯ ದಂಡೆಗೆ ದುರ್ಗಾಡಿ ಕೋಟೆಯಿದೆ. ೧೬೫೭ರಲ್ಲಿ ಶಿವಾಜಿ ಮಹಾರಾಜರ ಕೈಸೇರಿದ ಈ ಬಂದರಿನಿಂದಲೇ ಮರಾಠರ ನೌಕಾಬಲ ಮೊದಲಾಯಿತೆನ್ನುವರು. ನಮ್ಮಂಥವರಿಗೆ ಮಾತ್ರ ಕಲ್ಯಾಣವೆಂದರೆ ಊರಿನ ಬಾಗಿಲು. ಸೊಲ್ಲಾಪುರ, ವಿಜಯಪುರ, ಬಾಗಲಕೋಟೆಗಳ ಮೇಲಿಂದ ಗದಗಕ್ಕೆ ಹೋಗುವ ಗಾಡಿಯನ್ನು ನಾವು ರಾತ್ರಿ ಹಿಡಿಯುವುದು ಇಲ್ಲಿಯೇ. ಅವ್ವ ಫಲಾಟದ ತುದಿಯವರೆಗೆ ದೃಷ್ಟಿ ಹಾಯಿಸಿ, “ನಮ್ಮ ಗಾಡಿ ಯಾವ ಕಟ್ಟಿಗೆ ಬರತೈತಿ?” ಎಂದು ಕೇಳಿದಳು. ನಾನು ಕೇಳಿಸದವನಂತೆ ನಟಿಸಿದೆ.

ಗಾಡಿಯಲ್ಲಿ ಕಿಟಕಿಯ ಪಕ್ಕ ಸ್ಥಳ ದೊರೆಯಿತು. ಎದುರು ಬದುರು ನಾಲ್ವರು ಮಧ್ಯವಯಸ್ಕರು ತೊಡೆಗಳ ಮೇಲೆ ಚೀಲವಿಟ್ಟು ಇಸ್ಪೀಟು ಹಂಚುತ್ತಿದ್ದರು. ದಿನಾಲು ಪ್ರವಾಸ ಮಾಡುವವರಿಗೆ ಈ ದೃಶ್ಯ ಹೊಸದಲ್ಲ. ಒಂದು ಡಬ್ಬಿಯಲ್ಲಿ ಭಜನೆ, ಪಕ್ಕದ ಡಬ್ಬಿಯಲ್ಲಿ ಇಸ್ಪೀಟು, ನಡುವೆ ನಿದ್ದೆ. ನಮ್ಮ ತಂಡದಲ್ಲಿಯೂ ಒಂದು ಕಾಲಕ್ಕೆ ಐವರಿದ್ದೆವು. ಪೈಸೆ ಇಡುವಂತಿಲ್ಲವೆಂಬುದು ನಿಯಮ. ಸೋತವನು ಶುಕ್ರವಾರ ವಡಾಪಾವ ಕೊಡಿಸಬೇಕು, ಅಷ್ಟೆ. ನಮ್ಮಲ್ಲೆಲ್ಲ ಚೆನ್ನಾಗಿ ಆಡುತ್ತಿದ್ದವನು ನಮ್ಮ ಕಚೇರಿಯ ಒಬ್ಬ ಗೆಳೆಯ. ಯಾರ ಕೈಯಲ್ಲಿ ಯಾವ ಎಲೆಯಿದೆಯೆಂದು ಮುಖ ನೋಡಿ ಹೇಳಿಬಿಡುವನು. ಅವನು ಕ್ರಮೇಣ ನಮ್ಮ ಜೊತೆ ಆಡುವುದನ್ನು ಬಿಟ್ಟು ಫೋನಿನಲ್ಲಿ ರಮ್ಮಿ ಆಡತೊಡಗಿದ. ಅಲ್ಲಿ ಮುಖಗಳಿರಲಿಲ್ಲ. ಅವನ ವಿದ್ಯೆ ಅಲ್ಲಿ ನಡೆಯಲಿಲ್ಲ. ಮೊದಲು ಸಂಬಳ ಹೋಯಿತು, ಆಮೇಲೆ ಸೊಸಾಯಿಟಿಯ ಸಾಲ, ಕೊನೆಗೆ ಹೆಂಡತಿಯ ಬಳೆ. ಒಂದು ದಿನ ಅವನು ನನ್ನಲ್ಲಿ ಐನೂರು ರೂಪಾಯಿ ಕೇಳಿದಾಗ ಕಣ್ಣೆತ್ತಿ ನೋಡಲಿಲ್ಲ. ಮುಖ ನೋಡಿ ಎಲೆ ಹೇಳುತ್ತಿದ್ದವನು! ಈಗ ಅವನು ಬೇರೆ ಗಾಡಿಗೆ ಬರುತ್ತಾನೆ.

ಹಣವಿಟ್ಟು ಆಡಿಸುವ ಇಂಥ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆ ೨೦೨೫ರ ಆಗಸ್ಟಿನಲ್ಲಿ ಸಂಸತ್ತಿನಲ್ಲಿ ಅಂಗೀಕಾರವಾಯಿತು. ಆಟ ಕೌಶಲದ್ದೋ ದೈವದ್ದೋ ಎಂಬ ಹಳೆಯ ವಾದಕ್ಕೆ ಹೋಗದೆ, ಹಣ ಕಟ್ಟಿ ಹಣ ಗೆಲ್ಲುವ ಆಶೆ ತೋರಿಸಿದರೆ ಸಾಕು, ಅದು ನಿಷಿದ್ಧವೆಂದು ಈ ಕಾಯಿದೆ ಹೇಳುತ್ತದೆ. ವಿನೋದದ ಆಟಗಳಿಗೂ ಪಂದ್ಯದ ಆಟಗಳಿಗೂ ಅದರಲ್ಲಿ ಅಡ್ಡಿಯಿಲ್ಲ. ಧರ್ಮರಾಯನಂಥವನೇ ಪಗಡೆಯ ಹಾಸಿನಲ್ಲಿ ರಾಜ್ಯವನ್ನೂ ತಮ್ಮಂದಿರನ್ನೂ ಒಡ್ಡಿ ಕುಳಿತದ್ದನ್ನು ಕುಮಾರವ್ಯಾಸನ ಭಾರತದಲ್ಲಿ ಓದಿ ತಿಳಿದ ನಾಡು ನಮ್ಮದು. ಅಲ್ಲಿಯೂ ತಪ್ಪು ದಾಳದ್ದಾಗಿರಲಿಲ್ಲ, ಪಣದ್ದಾಗಿತ್ತು. ನನ್ನ ಗೆಳೆಯನ ಮಟ್ಟಿಗೆ ಕಾಯಿದೆ ತಡವಾಗಿ ಬಂದಿತೆಂಬುದೇ ವ್ಯಸನ.

ಗಾಡಿ ದಿವಾ ದಾಟಿ ಮುಂಬ್ರಾಕ್ಕೆ ಬಂದಿತು. ಒಂದು ಕಡೆಗೆ ಗುಡ್ಡ, ಇನ್ನೊಂದು ಕಡೆಗೆ ಖಾಡಿಯ ನೀರು. ಪುಟ್ಟಿ ಅಜ್ಜಿಯ ತೊಡೆಗೆ ಒರಗಿ, “ಆಯೀ, ಲೂಡೋ ಮೊದಲೋ ಪಗಡಿ ಮೊದಲೋ?” ಎಂದು ಕೇಳಿದಳು. ಅಜ್ಜಿ ನನ್ನ ಮುಖ ನೋಡಿದಳು. ಬಿ.ಎ. ಓದಿದ್ದು ಇಂಥ ಹೊತ್ತಿಗಲ್ಲದೆ ಮತ್ತೇತಕ್ಕೆ? ನಾನು ಹೇಳಿದೆ: ನಮ್ಮ ಪಗಡೆ-ಪಚ್ಚೀಸಿಗಳು ಬಹು ಹಳೆಯವು. ಅಕ್ಬರ ಬಾದಶಹನ ಫತೇಪುರ ಸಿಕ್ರಿಯ ಅಂಗಳದಲ್ಲಿ ಪಚ್ಚೀಸಿಯ ಹಾಸನ್ನು ನೆಲದ ಕಲ್ಲಿನಲ್ಲಿಯೇ ಮಾಡಿಸಲಾಗಿದೆ. ಇಂಗ್ಲಿಷರು ಇದನ್ನು ಕಂಡು, ಕವಡೆ ತೆಗೆದು ದಾಳ ಹಾಕಿ, ಮಕ್ಕಳಿಗೆ ಸುಲಭ ಮಾಡಿ, ೧೮೯೬ರಲ್ಲಿ ‘ಲೂಡೋ’ ಎಂದು ಪೇಟೆಂಟು ಪಡೆದರು. ಲ್ಯಾಟಿನಿನಲ್ಲಿ ಆ ಮಾತಿಗೆ ‘ನಾನು ಆಡುತ್ತೇನೆ’ ಎಂದರ್ಥ. ಮೋಕ್ಷದ ಮೆಟ್ಟಿಲುಗಳನ್ನೂ ಪಾಪದ ಹಾವುಗಳನ್ನೂ ತೋರಿಸುತ್ತಿದ್ದ ನಮ್ಮ ಪರಮಪದ ಸೋಪಾನವೂ ಹೀಗೆಯೇ ಸಮುದ್ರ ದಾಟಿ, ಮೋಕ್ಷವನ್ನು ಅಲ್ಲಿಯೇ ಬಿಟ್ಟು, ಬರೇ ಹಾವು-ಏಣಿಯಾಗಿ ಮರಳಿತು. ಎರಡೂ ಒಂದೇ ರಟ್ಟಿನ ಎರಡು ಬದಿಗಳಾಗಿ ನಮ್ಮ ಬಾಲ್ಯದ ಜಾತ್ರೆಯ ಅಂಗಡಿಗಳಲ್ಲಿ ಮಾರಾಟಕ್ಕೆ ಬಂದವು. ತೌರಿನ ಮಗಳು ಪರದೇಶದ ಸೀರೆಯುಟ್ಟು ಬಂದರೆ ಗುರುತು ಹಿಡಿಯದವರು ನಾವು! ಅವ್ವ ಗುರುತು ಹಿಡಿದಳು, ನಾನು ಹಿಡಿದಿರಲಿಲ್ಲ.

ಆಟವೆಂದರೆ ಕೆಲಸವಿಲ್ಲದವರ ಕೆಲಸವೆಂದು ತಿಳಿಯುವ ಹಿರಿಯರು ನಮ್ಮಲ್ಲಿದ್ದಾರೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಅವರು ನೆನೆಯಬೇಕು. ೧೮೩೧ರಲ್ಲಿ ಬ್ರಿಟಿಷರು ಅವರ ಕೈಯಿಂದ ಆಡಳಿತವನ್ನು ಕಿತ್ತುಕೊಂಡರು. ೧೮೬೮ರಲ್ಲಿ ತೀರಿಕೊಳ್ಳುವವರೆಗೆ ಅವರು ಪಟ್ಟವಿದ್ದೂ ರಾಜ್ಯಭಾರವಿಲ್ಲದ ಅರಸರಾಗಿದ್ದರು. ಅವರ ‘ಶ್ರೀತತ್ತ್ವನಿಧಿ’ಯ ಒಂದು ಭಾಗವಾದ ‘ಕೌತುಕನಿಧಿ’ಯಲ್ಲಿ ತುಂಬಿರುವುದು ಆಟಗಳೇ. ಗಂಜೀಫಾ ಎಲೆಗಳಲ್ಲಿ ಮುನ್ನೂರಕ್ಕೂ ಮಿಕ್ಕ ಎಲೆಗಳ ಕಟ್ಟನ್ನು ಕಲ್ಪಿಸಿದರು. ಚದುರಂಗದ ಕುದುರೆಯನ್ನು ಒಂದು ಮನೆಯನ್ನೂ ಎರಡು ಸಲ ತುಳಿಯದಂತೆ ೬೪ ಮನೆಗಳಲ್ಲಿ ಓಡಿಸಿದರು. ಇಲ್ಲಿ ನಮ್ಮ ನೆರೆಯ ಸಾವಂತವಾಡಿಯಲ್ಲಿಯೂ ದಶಾವತಾರದ ೧೨೦ ದುಂಡು ಎಲೆಗಳ ಗಂಜೀಫಾ ಇನ್ನೂ ಬರೆಯುತ್ತಾರೆ. ಅಲ್ಲಿಯ ಅರಸು ಮನೆತನದವರು ಅಳಿಯುತ್ತಿದ್ದ ಆ ಕಲೆಗೆ ಆಸರೆಯಾದರು. ರಾಜ್ಯ ಹೋದರೂ ಆಟ ಉಳಿಯುತ್ತದೆ ಎಂಬುದಕ್ಕೆ ಇವೆರಡು ಸಾಕ್ಷಿ ಸಾಲದೆ?

ಠಾಣೆಯಲ್ಲಿ ಇಳಿದೆವು. ಈ ನಿಲ್ದಾಣದಲ್ಲಿ ಕಾಲಿಟ್ಟಾಗಲೆಲ್ಲ ನನಗೆ ಒಂದು ಬಗೆಯ ಗೌರವ ಮೂಡುತ್ತದೆ. ಇಂಡಿಯಾದ ಮೊತ್ತಮೊದಲ ಪ್ರಯಾಣಿಕರ ಗಾಡಿ ೧೮೫೩ರ ಏಪ್ರಿಲ್ ೧೬ರಂದು ಬೋರಿಬಂದರದಿಂದ ಹೊರಟು ಬಂದು ನಿಂತದ್ದು ಠಾಣೆಗೆ. ೧೪ ಡಬ್ಬಿ, ಸುಮಾರು ೪೦೦ ಜನ, ಮೂರು ಎಂಜಿನು. ದೂರ ೩೪ ಕಿಲೋಮೀಟರು. ಆ ನಾನೂರು ಜನಕ್ಕೆಲ್ಲ ಕೂಡಲು ಸ್ಥಳ ಸಿಕ್ಕಿತ್ತೆಂಬುದನ್ನು ನೆನೆದು ಇಂದಿನ ನಾವು ಹೊಟ್ಟೆಕಿಚ್ಚು ಪಡಬೇಕು.

ರವಿವಾರವಾದ್ದರಿಂದ ಹಳಿಯ ದುರಸ್ತಿಗೆಂದು ವಾಶಿಯ ಕಡೆಯ ಗಾಡಿಗಳು ಕೆಲ ಹೊತ್ತು ನಿಂತಿದ್ದವು. ಮೆಗಾಬ್ಲಾಕೆಂಬುದು ನಮ್ಮ ರವಿವಾರದ ಪಂಚಾಂಗದಲ್ಲಿ ರಾಹುಕಾಲವಿದ್ದ ಹಾಗೆ. ಮೊದಲೇ ನೋಡಿಕೊಂಡು ಹೊರಡದಿದ್ದದ್ದು ನನ್ನ ತಪ್ಪು. ಪುಟ್ಟಿ ಫೋನಿಗಾಗಿ ಕೈಚಾಚಿದಳು. ನಾನು ತಲೆಯಲ್ಲಾಡಿಸಿದೆ. ಇನ್ನೇನು ಸಾಯಂಪ್ರಾರ್ಥನೆ ಮಧ್ಯಾಹ್ನವೇ ಆರಂಭವಾಗುವುದಿತ್ತು. ಅಷ್ಟರಲ್ಲಿ ಅವ್ವ ತನ್ನ ಎಲೆ-ಅಡಿಕೆಯ ಸಂಚಿ ಬಿಚ್ಚಿ, ಅದರ ಒಳಚೀಲದಿಂದ ನಾಲ್ಕು ಕವಡೆ ತೆಗೆದಳು! ನಾಲ್ಕು ತಿಂಗಳು ನಮ್ಮ ಮನೆಯಲ್ಲಿದ್ದ ಆ ಕವಡೆಗಳನ್ನು ನಾನು ಕಂಡಿರಲಿಲ್ಲ. “ನೀವು ಕೇಳಲಿಲ್ಲ, ನಾ ತಗೀಲಿಲ್ಲ” ಎಂದಳು. ಹಳೆಯ ಪೇಪರಿನ ಮೇಲೆ ನನ್ನ ಪೆನ್ನಿನಿಂದ ಐದು ಸಾಲು ಐದು ಮನೆ ಬರೆದು, ನಾಲ್ಕು ಬದಿಯ ನಡುಮನೆಗಳಿಗೂ ಒಳಗಿನ ಮನೆಗೂ ಗುಣಾಕಾರದ ಗೆರೆ ಎಳೆದಳು. ಅವಳ ಕಾಯಿ ಹುರಿದ ಶೇಂಗಾ, ಪುಟ್ಟಿಯವು ಅಡಿಕೆಚೂರು.

ನಾಲ್ಕೂ ಕವಡೆ ಅಂಗಾತ ಬಿದ್ದರೆ ಚೌಕಾ, ನಾಲ್ಕು. ನಾಲ್ಕೂ ಬೋರಲು ಬಿದ್ದರೆ ಬಾರಾ, ಎಂಟು. ಪುಟ್ಟಿ ತಟ್ಟನೆ ಜಗಳ ತೆಗೆದಳು:

“ಆಯೀ, ಬಾರಾ ಅಂದರ ಹನ್ನೆರಡ! ನೀ ಮೋಸ ಮಾಡ್ತಿ.”

“ನಿಮ್ಮ ಸಾಲ್ಯಾಗ ಹನ್ನೆರಡ ಇರಬೇಕವಾ. ನಮ್ಮ ಕವಡ್ಯಾಗ ಎಂಟ.”

ಹೊರಸುತ್ತು ಒಂದು ದಿಕ್ಕಿಗೆ, ಒಳಸುತ್ತು ಅದರ ವಿರುದ್ಧ ದಿಕ್ಕಿಗೆ. ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಒಳಸುತ್ತಿಗೆ ಪ್ರವೇಶವಿಲ್ಲ. ಕಟ್ಟೆಯಲ್ಲಿ ಕುಳಿತವನನ್ನು ಯಾರೂ ಹೊಡೆಯುವಂತಿಲ್ಲ. ನಡುಮನೆ ಸೇರಿದ ಕಾಯಿ ‘ಹಣ್ಣು’. ಎಷ್ಟು ಸುಂದರವಾದ ಮಾತು! ಇಂಗ್ಲಿಷರ ಲೂಡೋದಲ್ಲಿ ಕಾಯಿ ಮನೆ ಸೇರುತ್ತದೆ, ನಮ್ಮದರಲ್ಲಿ ಕಾಯಿ ಹಣ್ಣಾಗುತ್ತದೆ. ಅವ್ವ ಕವಡೆಯನ್ನು ಅಂಗೈಯಲ್ಲಿ ಒಮ್ಮೆ ಕುಲುಕಿ, ಬೆರಳ ಸಂದಿಯಿಂದ ಜಾರಿಸಿ ಬಿಟ್ಟಳು; ಬೇಕೆಂದಾಗ ಎರಡು ಬಿತ್ತು. ಯಂತ್ರದ ದಾಳದ ಬಗೆಗೆ “ನಾ ಯಾಕ ಬೇಕ” ಎಂದು ಅವಳು ಕೇಳಿದ್ದರ ಅರ್ಥ ನನಗೆ ಆಗ ಹೊಳೆಯಿತು. ಕವಡೆಯಲ್ಲಿ ದೈವ ಎಷ್ಟಿದೆಯೋ ಅಷ್ಟೇ ಕೈಯ ವಿದ್ಯೆಯೂ ಇದೆ. ಫೋನಿನಲ್ಲಿ ಬಟನು ಒತ್ತುವವಳು ಎಪ್ಪತ್ತು ವರುಷ ಆಡಿದ ಮುದುಕಿಯಾದರೇನು, ನಿನ್ನೆ ಹುಟ್ಟಿದ ಕೂಸಾದರೇನು, ಯಂತ್ರಕ್ಕೆ ಎರಡೂ ಒಂದೇ.

ಪಕ್ಕದ ಬಾಕಿನ ಮೇಲೆ ಒಂಬತ್ತು ಗಜದ ಸೀರೆಯ ಒಬ್ಬ ಅಜ್ಜಿ ಕುಳಿತು ಇದನ್ನೆಲ್ಲ ನೋಡುತ್ತಿದ್ದಳು. ನಾಲ್ಕೂ ಕವಡೆ ಬೋರಲು ಬಿದ್ದಾಗ ಅವಳು ತಡೆಯಲಾರದೆ “ಆಠ!” ಎಂದು ಕೂಗಿದಳು. ಅವಳ ಕಡೆ ಈ ಆಟಕ್ಕೆ ‘ಚಲ್ಲಸ-ಆಠ’ ಎನ್ನುವರಂತೆ. ನಾಲ್ಕಕ್ಕೆ ಚಲ್ಲಸ, ಎಂಟಕ್ಕೆ ಆಠ. ಲೆಕ್ಕ ಅದೇ, ಮನೆಗಳು ಅವೇ. ತೆಲುಗರ ಅಷ್ಟಾ-ಚಮ್ಮಾ, ಗುಜರಾತಿಗಳ ಇಷ್ಟೋ, ಎಲ್ಲವೂ ಇದೇ ಬಳಗ. ಅವ್ವ ಸರಿದು ಸ್ಥಳ ಕೊಟ್ಟಳು. ಆ ಅಜ್ಜಿ ಕೊರಳ ಚೀಲದಿಂದ ನಾಲ್ಕು ಲವಂಗ ತೆಗೆದು ಕಾಯಿಯಾಗಿ ಹೂಡಿದಳು. ಮುಂದಿನ ಮುಕ್ಕಾಲು ಗಂಟೆ ಇವಳು ಕನ್ನಡದಲ್ಲಿ ಬೈದಳು, ಅವಳು ಮರಾಠಿಯಲ್ಲಿ ಬೈದಳು. ಇಬ್ಬರಿಗೂ ಎಲ್ಲವೂ ತಿಳಿಯಿತು. ದುಭಾಷಿಯ ಕೆಲಸಕ್ಕೆ ಹೋದ ಪುಟ್ಟಿಯನ್ನು ಇಬ್ಬರೂ “ನೀ ಸುಮ್ಮನಿರು” ಎಂದು ತಮ್ಮ ತಮ್ಮ ಭಾಷೆಯಲ್ಲಿ ಗದರಿಸಿದರು. ವಾಶಿಯ ಗಾಡಿ ಬಂದಾಗ ಅವ್ವನದು ಮೂರು ಕಾಯಿ ಹಣ್ಣಾಗಿತ್ತು, ಅವಳದು ಎರಡು. ಅರ್ಧ ಆಟ ಬಿಟ್ಟು ಏಳಬೇಕಾಯಿತು. ಆ ಅಜ್ಜಿ ಒಂದು ಲವಂಗವನ್ನು ಬಾಯಿಗೆ ಹಾಕಿಕೊಂಡು ಇನ್ನೊಂದನ್ನು ಅವ್ವನ ಕೈಗಿಟ್ಟಳು.

ಠಾಣೆಯಿಂದ ನವಿ ಮುಂಬಯಿಗೆ ಹೋಗುವ ಈ ಹಳಿಯ ಮೇಲೆ ಪ್ರಯಾಣಿಕರ ಗಾಡಿ ಓಡತೊಡಗಿದ್ದು ೨೦೦೪ರಲ್ಲಿ. ಐರೋಲಿ, ರಬಾಳೆ, ಘನಸೋಲಿ, ಕೋಪರಖೈರಣೆ. ಒಂದು ಕಡೆ ಗುಡ್ಡ, ಕಾರಖಾನೆಗಳು, ಗಾಜಿನ ಕಟ್ಟಡಗಳು. “ಇಂಥ ಒಂದು ಕಟ್ಟಡದಲ್ಲಿ ಆ ಆಟ ತಯಾರಾಗತೈತಿ” ಎಂದು ತೋರಿಸಿದೆ. ಯಾವ ಕಟ್ಟಡವೆಂದು ಹುಡುಕುವ ಉದ್ದೇಶ ನನಗಿರಲಿಲ್ಲ. ರವಿವಾರ ಕದವೂ ತೆರೆದಿರಲಾರದು. ಲೂಡೋ ಕಿಂಗ್ ಮಾಡಿದ ವಿಕಾಸ ಜೈಸ್ವಾಲರು ಬಿಹಾರದ ಪಾಟ್ನಾದವರು, ನಮ್ಮಂತೆ ಹೊಟ್ಟೆಪಾಡಿಗೆ ಇಲ್ಲಿಗೆ ಬಂದವರು. ೨೦೧೬ರಲ್ಲಿ ಹೊರಬಂದ ಈ ಆಟ ೨೦೨೦ರ ಮಾರ್ಚಿನಲ್ಲಿ ದೇಶಕ್ಕೆ ದೇಶವೇ ಬಾಗಿಲಿಕ್ಕಿಕೊಂಡಾಗ ಮನೆಮನೆಯನ್ನು ಹೊಕ್ಕಿತು. ಊರಿನಲ್ಲಿ ಸಿಕ್ಕಿಬಿದ್ದ ಅಣ್ಣನೂ ಪುಣೆಯ ತಂಗಿಯೂ ದುಬೈಯ ಭಾವನೂ ಒಂದೇ ಹಾಸಿನ ಮೇಲೆ ಕಾಯಿ ನಡೆಸಿದ ದಿನಗಳವು. ಆಗ ನಾವೂ ಆಡಿದ್ದೆವು. ಹಾಗಿರುವಾಗ ಫೋನಿನ ಆಟವೆಲ್ಲ ಕೆಟ್ಟದ್ದೆಂದು ನಾನು ಯಾವ ಬಾಯಿಂದ ಹೇಳಲಿ?

ಅವ್ವ ಗಾಜಿನ ಕಟ್ಟಡಗಳನ್ನು ಅರೆಗಳಿಗೆ ನೋಡಿದಳು. ಅವಳ ಲಕ್ಷ್ಯ ಬೇರೆಡೆಗಿತ್ತು. “ಇಲ್ಲಿ ಮೊದಲ ಹೊಲ ಇದ್ದೂವೇನ? ಯಾರವು?” ಎಂದು ಕೇಳಿದಳು.

ವಾಚಕರೇ, ಇದನ್ನು ಕೇಳುವ ಹಕ್ಕು ನನ್ನ ತಾಯಿಗಿದೆ. ನಮ್ಮ ಊರು ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿದೆ. ಕೃಷ್ಣೆಗೆ ಕಟ್ಟಿದ ಆಣೆಕಟ್ಟಿನಿಂದ ಬಾಗಲಕೋಟೆಯ ಹಳೆಯ ಪೇಟೆಯ ಭಾಗವೂ ಸುತ್ತಲಿನ ಹಳ್ಳಿಗಳೂ ನೀರು ಪಾಲಾಗಿ, ಜನ ನವನಗರಕ್ಕೂ ಪುನರ್ವಸತಿ ಕೇಂದ್ರಗಳಿಗೂ ಹೋದದ್ದು ನಿಮ್ಮಲ್ಲಿ ಹಲವರಿಗೆ ತಿಳಿದದ್ದೇ. ನನಗೆ ಆಗ ಹತ್ತು-ಹನ್ನೆರಡು ವರುಷ. ಅವ್ವ ಈಗ “ಊರಿಗೆ ಕಳಿಸು” ಎನ್ನುವುದು ನನ್ನ ತಮ್ಮನಿರುವ ಪುನರ್ವಸತಿಯ ಮನೆಗೆ; ಅವಳ ಮನಸ್ಸಿನ ಊರು ಮಾತ್ರ ನೀರಿನ ಕೆಳಗಿದೆ. ನವಿ ಮುಂಬಯಿಯದೂ ಇಂಥದೇ ಕತೆ. ೧೯೭೦ರಲ್ಲಿ ಸಿಡ್ಕೋ ಸ್ಥಾಪನೆಯಾಗಿ, ಈ ನಗರಕ್ಕಾಗಿ ೯೫ ಹಳ್ಳಿಗಳ ಭೂಮಿಯನ್ನು ತೆಗೆದುಕೊಳ್ಳಲು ಹೊರಟರು. ದಿ. ಬಾ. ಪಾಟೀಲರ ಮುಂದಾಳುತನದಲ್ಲಿ ರೈತರು, ಆಗರಿಗಳು, ಕೋಳಿಗಳು ಹೋರಾಡಿದರು. ೧೯೮೪ರ ಗೋಳೀಬಾರಿನಲ್ಲಿ ಐವರು ಪ್ರಾಣ ಕೊಟ್ಟರು. ಇದನ್ನು ಹೇಳಿದಾಗ ಅವ್ವ, “ಅವರಿಗೂ ಪುನರ್ವಸತಿ ಆತೇನು?” ಎಂದು ಮಾತ್ರ ಕೇಳಿದಳು.

ವಾಶಿಯಲ್ಲಿ ಒಂದು ದೊಡ್ಡ ಮಾಲಿಗೆ ಹೋದೆವು. ಮೇಲಿನ ಮಜಲೆಯಲ್ಲಿ ಯಂತ್ರದ ಆಟಗಳ ಒಂದು ಕೋಣೆ. ಕತ್ತಲೆ, ಬಣ್ಣಬಣ್ಣದ ದೀಪ, ಕಿವಿಗಡಚಿಕ್ಕುವ ಗದ್ದಲ. ಒಂದು ಕಾರ್ಡಿನಲ್ಲಿ ಹಣ ತುಂಬಿಸಿಕೊಳ್ಳಬೇಕು. ಉಜ್ಜಿದಂತೆ ಹಣ ಕರಗುವುದು, ಎಷ್ಟು ಕರಗಿತೆಂದು ತಿಳಿಯದು. ಪುಟ್ಟಿ ಮೋಟಾರು ಓಡಿಸುವ ಯಂತ್ರದಲ್ಲಿ ಎರಡು ನಿಮಿಷ ಕುಳಿತಳು. ನನ್ನ ಕೈಯಿಂದ ಮೂರು ದಿನದ ತರಕಾರಿ ಹೋಯಿತು. ಗೆದ್ದಳೋ ಸೋತಳೋ ಅವಳಿಗೂ ತಿಳಿಯಲಿಲ್ಲ. ಅವ್ವ ಸೆರಗಿನಿಂದ ಕಿವಿ ಮುಚ್ಚಿಕೊಂಡು ಹೊರಗಿನ ಬಾಕಿನ ಮೇಲೆ ಕುಳಿತಳು. ನನ್ನ ಅಭಿಪ್ರಾಯವನ್ನು ನಾನು ಮುಚ್ಚಿಡುವುದಿಲ್ಲ: ಎದುರಾಳಿಯಿಲ್ಲದ, ಕೊನೆಯಿಲ್ಲದ, ಕಿಸೆಗೆ ಕೈಹಾಕುವ ಆಟ ಆಟವೇ ಅಲ್ಲ. ಅದು ವ್ಯಾಪಾರ.

ಮರಳುವಾಗ ಪುಟ್ಟಿಯ ಹಟಕ್ಕೆ ನೆರೂಳಿನವರೆಗೆ ಹೋಗಿ ಡಿ. ವೈ. ಪಾಟೀಲ ಕ್ರೀಡಾಂಗಣವನ್ನು ಹೊರಗಿನಿಂದ ನೋಡಿದೆವು. ೨೦೨೫ರ ನವೆಂಬರ್ ೨ರ ರಾತ್ರಿ ನಮ್ಮ ಹೆಣ್ಣುಮಕ್ಕಳು ದಕ್ಷಿಣ ಆಫ್ರಿಕೆಯನ್ನು ೫೨ ರನ್ನುಗಳಿಂದ ಸೋಲಿಸಿ ಮೊದಲ ಬಾರಿಗೆ ವಿಶ್ವಕಪ್ಪು ಗೆದ್ದದ್ದು ಇಲ್ಲಿಯೇ. ಮುಚ್ಚಿದ ಬಾಗಿಲ ಮುಂದೆ ನಿಂತು ಪುಟ್ಟಿ ಇಲ್ಲದ ಬ್ಯಾಟು ಬೀಸಿದಳು. ಅವ್ವ ಇಲ್ಲದ ಚೆಂಡು ಎಸೆದಳು.

ಗಾಡಿಯಲ್ಲಿ ಮರಳುವಾಗ ಪುಟ್ಟಿ ಹೆದರುತ್ತ ಹೆದರುತ್ತ, “ಅಪ್ಪಾ, ಸಿಟ್ಟಾಗಬ್ಯಾಡ, ಆಯಿಗೆ ಒಂದು ತೋರಸ್ತೀನಿ” ಎಂದಳು. ಫೋನು ಕೊಟ್ಟೆ. ಅವಳು ತೆರೆದದ್ದು ‘ಮೈನ್‌ಕ್ರಾಫ್ಟ್’ ಎಂಬ ಆಟ. ಸ್ವೀಡನ್ನಿನಲ್ಲಿ ಹುಟ್ಟಿದ ಇದರ ೩೦ ಕೋಟಿಗೂ ಮಿಕ್ಕ ಪ್ರತಿಗಳು ಮಾರಾಟವಾಗಿವೆ. ಇದರಲ್ಲಿ ಚಿಕ್ಕ ಚಿಕ್ಕ ಇಟ್ಟಿಗೆಗಳನ್ನು ಒಂದರ ಮೇಲೊಂದು ಇಟ್ಟು ಏನು ಬೇಕಾದರೂ ಕಟ್ಟಬಹುದು. ಪುಟ್ಟಿಯೂ ಬಾಗಲಕೋಟೆಯಲ್ಲಿರುವ ನನ್ನ ತಂಗಿಯ ಮಗನೂ ಸೇರಿ ಒಂದು ಮನೆ ಕಟ್ಟುತ್ತಿದ್ದರು. ಮಣ್ಣಿನ ಮಾಳಿಗೆ, ಮುಂದೆ ಎರಡು ಕಟ್ಟೆ, ಒಳಗೆ ಪಡಸಾಲೆ, ಬೆಳಕಿಂಡಿ. ಅದು ನಮ್ಮ ಮುಳುಗಿದ ಮನೆ! ನನ್ನ ತಂಗಿ ಇಟ್ಟುಕೊಂಡಿದ್ದ ಒಂದು ಹಳೆಯ ಫೋಟೋ ನೋಡಿ ಕಟ್ಟತೊಡಗಿದ್ದರಂತೆ. ಹಿಂದಿನ ಭಾಗ ಫೋಟೋದಲ್ಲಿಲ್ಲದೆ ಕೆಲಸ ನಿಂತುಹೋಗಿತ್ತಂತೆ. ಆ ಹುಡುಗನಿಗೆ ಮರಾಠಿ ಬಾರದು. ಅಂದರೆ ನಾನು ಫೋನು ಕಸಿಯುತ್ತಿದ್ದ ಆ ಒಂದು ತಾಸಿನಲ್ಲೇ ನನ್ನ ಮಗಳು ದಿನದ ಎಲ್ಲಕ್ಕಿಂತ ಹೆಚ್ಚು ಕನ್ನಡ ಮಾತನಾಡುತ್ತಿದ್ದಳು.

ಅವ್ವ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದಳು. ಆಮೇಲೆ, “ಹಗೇವು ಎಲ್ಲಿ?” ಎಂದು ಕೇಳಿದಳು. “ಹಗೇವು ಅಂದರೇನ ಆಯೀ?” ಎಂದಳು ಪುಟ್ಟಿ. ಜೋಳ ತುಂಬುವ ನೆಲದ ಹಗೇವಿನ ವರ್ಣನೆ ನಡೆಯಿತು. ಬಾವಿ ಬಲಕ್ಕೆ, ದನದ ಮನೆ ಎಡಕ್ಕೆ, ನಡುವೆ ಬೇವಿನ ಗಿಡ. ಪುಟ್ಟಿ ಗಾಡಿಯಲ್ಲಿಯೇ ಬೆರಳಾಡಿಸಿ ಬಾವಿ ತೋಡಿದಳು. “ಅ ಹಾ, ಇಷ್ಟ ಹತ್ತರ ಅಲ್ಲ, ಹತ್ತ ಮಾರು ಆಚೆ” ಎಂದಳು ಅವ್ವ. ಬಾವಿ ಹತ್ತು ಮಾರು ಸರಿಯಿತು. ಡೊಂಬಿವಲಿ ಬಂದದ್ದು ಮೂವರಿಗೂ ತಿಳಿಯಲಿಲ್ಲ. ಠಾಕುರ್ಲಿಗೆ ಹೋಗಿ ಇಳಿದೆವು.

ಇಷ್ಟೆಲ್ಲ ಬರೆದದ್ದು ಒಂದು ಬಿನ್ನಹಕ್ಕಾಗಿ. ನಮ್ಮ ಸಂಘದ ಸ್ನೇಹಸಮ್ಮೇಲನದಲ್ಲಿ ಪ್ರತಿವರುಷ ಕೇರಂ ಇರುತ್ತದೆ, ಚದುರಂಗ ಇರುತ್ತದೆ, ಸಂಗೀತಕುರ್ಚಿ ಇರುತ್ತದೆ. ಈ ಸಲ ಚೌಕಾಬಾರದ ಪಂದ್ಯವೊಂದನ್ನು ಇಡಬಾರದೆ? ಒಬ್ಬ ಹಿರಿಯರು, ಒಂದು ಮಗು, ಹೀಗೆ ಜೋಡಿ. ಬಹುಮಾನ ಬೇಡ, ಬೇಕಾದರೆ ವಡಾಪಾವ. ಧಾರವಾಡದವರ, ಮೈಸೂರಿನವರ, ಕರಾವಳಿಯವರ ನಿಯಮಗಳು ಬೇರೆಬೇರೆ ಇರುವುದರಿಂದ ಮೊದಲ ಅರ್ಧ ಗಂಟೆ ಜಗಳ ಖಂಡಿತ. ಆ ಜಗಳ ಕನ್ನಡದಲ್ಲಿ ನಡೆಯುವುದೆಂಬುದೇ ನನ್ನ ಲೋಭ. ಮಕ್ಕಳ ಕೈಯಿಂದ ಫೋನು ಕಸಿಯುವ ಮುನ್ನ ಅದರಲ್ಲಿ ಅವರು ಏನು ಕಟ್ಟುತ್ತಿದ್ದಾರೆಂದು ಒಮ್ಮೆ ನೋಡಿರೆಂದು ಪಾಲಕರಲ್ಲಿಯೂ ವಿನಂತಿ. ಕಟ್ಟುತ್ತಿರದಿದ್ದರೆ ಧಾರಾಳವಾಗಿ ಕಸಿಯಿರಿ.

ಅವ್ವನಿಗೆ ಸಂಕ್ರಾಂತಿಯ ಮರುವಾರದ ಗಾಡಿಗೆ ಚೀಟಿ ತೆಗೆಸಿದ್ದೆ. ಮೊನ್ನೆ ಅವಳು ಪುಟ್ಟಿಯನ್ನು ಕೇಳುತ್ತಿದ್ದುದು ಕಿವಿಗೆ ಬಿತ್ತು: “ದನದ ಮನಿ ಮುಗ್ಯಾಕ ಇನ್ನ ಎಷ್ಟ ದಿನ ಬೇಕ?” ಚೀಟಿಯನ್ನು ಇನ್ನೂ ರದ್ದು ಮಾಡಿಸಿಲ್ಲ. ಅವಳು ಹೇಳಲೆಂದು ಕಾಯುತ್ತಿದ್ದೇನೆ.